ನಿಮಗಿದು ಗೊತ್ತೇ? ಹೊಸ ಕಿಡ್ನಿಯನ್ನು ಕಾಯುವ ಮಣ್ಣಿನ ಮದ್ದು

ಭಾರತದ ಮೊದಲ ಹೃದಯ ಕಸಿ ನಡೆದದ್ದು ಮುಂಬೈಯ ನಮ್ಮ ವಡಾಲದ ನೆರೆಯ ಪರೇಲ್‌ನಲ್ಲಿ! 1968ರ ಫೆಬ್ರವರಿಯಲ್ಲಿ ಕೆಇಎಂ ಆಸ್ಪತ್ರೆಯ ಡಾ. ಪ್ರಫುಲ್ಲ ಕುಮಾರ್ ಸೇನ್ ಅದನ್ನು ಮಾಡಿದರು. ಜಗತ್ತಿನ ಮೊದಲ ಹೃದಯ ಕಸಿಯಾಗಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ರೋಗಿ ಬದುಕಿದ್ದು ಕೆಲವೇ ಗಂಟೆ. ಆ ಕಾಲದಲ್ಲಿ ಆಪರೇಷನ್ ದಾಟಿ ಬಂದವರಿಗೂ ಮುಂದೆ ಗಂಡಾಂತರ ಕಾದಿರುತ್ತಿತ್ತು: ಹೊಸ ಅಂಗವನ್ನು ರೋಗಾಣುವೆಂದೇ ಬಗೆದು ದೇಹದ ಬಿಳಿ ರಕ್ತಕಣಗಳು ಅದರ ಮೇಲೆ ಮುಗಿಬೀಳುತ್ತವೆ.

1954ರಲ್ಲಿ ಬೋಸ್ಟನ್‌ನ ಕಿಡ್ನಿ ಕಸಿ ಗೆದ್ದದ್ದೇಕೆ? ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು; ಹಾಗಾಗಿ ಆ ದಾಳಿ ಆಗಲಿಲ್ಲ.

ಅಂಥ ಅವಳಿಯಿಲ್ಲದ ಉಳಿದವರನ್ನು ಕಾಪಾಡಿದ್ದು ಮಣ್ಣು. ಬಿಳಿ ರಕ್ತಕಣಗಳ ದಾಳಿಯನ್ನು ತಡೆಯುವ ಸೈಕ್ಲೋಸ್ಪೊರಿನ್ ಮದ್ದು ಸಿಕ್ಕಿದ್ದು ನಾರ್ವೆಯ ಮಣ್ಣಿನ ಶಿಲೀಂಧ್ರದಲ್ಲಿ; 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತ ಮೇಲೆ ಕಸಿಯ ಚರಿತ್ರೆಯೇ ಬದಲಾಯಿತು. ಇಂದು ಹೆಚ್ಚಿನವರು ನುಂಗುವ ಟ್ಯಾಕ್ರೊಲಿಮಸ್ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದ ಕೊಡುಗೆ.

ಸಿರೊಲಿಮಸ್‌ನ ಕಥೆಯಂತೂ ರೋಮಾಂಚಕ. ಅದರ ಮೂಲ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾ. ಅದನ್ನು ಬೇರ್ಪಡಿಸಿದ ತಂಡದ ಮುಂದಾಳು ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ್ ಸೆಹಗಲ್. ತಮ್ಮ ಕಂಪನಿ ಮಾಂಟ್ರಿಯಲ್‌ನ ಪ್ರಯೋಗಾಲಯ ಮುಚ್ಚಿದಾಗ ಅವರು ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿ ವರ್ಷಗಟ್ಟಲೆ ಜೋಪಾನ ಮಾಡಿದರು. 1999ರಲ್ಲಿ ಸಿರೊಲಿಮಸ್ ಔಷಧವಾಗಿ ಹೊರಬಂತು. ಸೆಹಗಲ್ ಅವರ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಇರಲೇಬೇಕು.

ಇನ್ನೊಂದು ಮದ್ದಿನ ಮಾತಿಗೆ ಬಂದರೆ, ವಡಾಲದಲ್ಲೇ ಇರುವ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ ನಿಮಗೆ ಗೊತ್ತಿರಬಹುದು. ಅದರ ಹುಟ್ಟು 1890ರಲ್ಲಿ. ಕುಷ್ಠರೋಗದಲ್ಲಿ ರೋಗನಿರೋಧಕ ಶಕ್ತಿ ಕೆರಳಿ ನರಗಳು ಊದಿಕೊಂಡಾಗ ಕೊಡುವ ಪ್ರೆಡ್ನಿಸೊಲೋನ್, ಕಸಿಯಾದವರ ಗುಳಿಗೆಗಳ ಸಾಲಿನಲ್ಲೂ ಇದೆ.

ಕಿಡ್ನಿ ಕಸಿಯಲ್ಲಿ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದು ಕೂರುವುದು ಕಿಬ್ಬೊಟ್ಟೆಯಲ್ಲಿ.

ಚಕ್ಕೋತ ಹಣ್ಣು ಕಸಿಯಾದವರಿಗೆ ವರ್ಜ್ಯ. ಅದೂ ಅದರ ಬಳಗದ ಗ್ರೇಪ್‌ಫ್ರೂಟ್ ಕೂಡ ಔಷಧವನ್ನು ಒಡೆದುಹಾಕುವ ಕರುಳಿನ ಕಿಣ್ವವನ್ನು ತಡೆಯುತ್ತವೆ. ರಕ್ತದಲ್ಲಿ ಮದ್ದು ಮಿತಿಮೀರಿ, ಕಾಯಬೇಕಾದ ಕಿಡ್ನಿಗೇ ಪೆಟ್ಟು ಬೀಳಬಹುದು. ನೋವಿನ ಮಾತ್ರೆ, ಕಷಾಯ, ನಾಟಿ ಮದ್ದು ಯಾವುದನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

'ಈಗ ಆರಾಮಾಗಿದ್ದೇನಲ್ಲ' ಎಂದು ಗುಳಿಗೆ ಬಿಟ್ಟವರು ಕಿಡ್ನಿ ಕಳೆದುಕೊಂಡದ್ದುಂಟು. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸತೊಡಗಿದಾಗ ಎಷ್ಟೋ ಸಲ ನೋವೂ ಇರುವುದಿಲ್ಲ, ಜ್ವರವೂ ಇರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಎಂಬ ಕಶ್ಮಲ ಏರಿರುವುದಷ್ಟೇ ಸುಳಿವು. ಅಂದಹಾಗೆ, ಟ್ಯಾಕ್ರೊಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಗುಳಿಗೆಯನ್ನು ನುಂಗಬೇಕಾದದ್ದು ರಕ್ತ ಕೊಟ್ಟ ಮೇಲೆ.