ವಾರಕ್ಕೆರಡು ಗಂಟೆ ಗುದ್ದಲಿ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸಾನಿಂಗ್ ಕಾಮನ್ ಎಂಬ ಹಳ್ಳಿಯ ವೈದ್ಯ ವಿಲಿಯಂ ಬರ್ಡ್, ತಮ್ಮ ರೋಗಿಗಳನ್ನು ಮೊದಲು ನಡಿಗೆಗೆ ಹಚ್ಚಿದರು. ಆಮೇಲೆ ಕೈಗೆ ಗುದ್ದಲಿ ಕೊಟ್ಟರು. 1959ರಲ್ಲಿ ಬಾಕ್ಸ್ ಹಿಲ್ ಗುಡ್ಡದ ಪೊದೆ ಸವರುವುದರೊಂದಿಗೆ ಶುರುವಾಗಿದ್ದ ಸ್ವಯಂಸೇವಕ ಸಂಸ್ಥೆಯೊಂದರ ಜೊತೆಗೂಡಿ, 1998ರ ಸುಮಾರಿಗೆ ಅವರು ಕಟ್ಟಿದ್ದೇ ‘ಗ್ರೀನ್ ಜಿಮ್’. ವಾರಕ್ಕೊಮ್ಮೆ ಸೇರುವ ಜನ ಮೊದಲು ಕೈಕಾಲು ಸಡಿಲಿಸಿಕೊಳ್ಳುತ್ತಾರೆ. ಒಬ್ಬರು ಗುಂಡಿ ತೋಡಿದರೆ ಇನ್ನೊಬ್ಬರು ಸಸಿ ಹಿಡಿಯುತ್ತಾರೆ, ಬೆನ್ನುನೋವಿನವರು ಬೀಜ ಆರಿಸುತ್ತಾರೆ. ನಡುವೆ ಚಹಾ. ಈ ಚಹಾವನ್ನು ಹಗುರವಾಗಿ ಕಾಣಬಾರದು, ಒಂಟಿಯಾಗಿ ಬಂದವರಿಗೆ ಮಾತು ಸಿಗುವುದು ಆಗಲೇ. ಬರ್ಡ್ ಅವರ ಜಾಣತನ ಎಲ್ಲಿದೆಯೆಂದರೆ, ಆರೋಗ್ಯದ ಮಾತನ್ನು ಹಿಂದಕ್ಕಿಟ್ಟು ಕೆಲಸವನ್ನು ಮುಂದಕ್ಕಿಟ್ಟರು. ಟ್ರೆಡ್‌ಮಿಲ್‌ಗೆ ಹೋಗದಿದ್ದರೆ ಕೇಳುವವರಿಲ್ಲ. ಅರ್ಧ ತೋಡಿದ ಗುಂಡಿಯ ಬಳಿ ಜೊತೆಗಾರರು ಕಾಯುತ್ತಿರುತ್ತಾರೆ. ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದವರು ಪರಿಶೀಲಿಸಿದಾಗ, ಹೀಗೆ ದುಡಿದವರ ಮೈಯೂ ಮನಸ್ಸೂ ಸುಧಾರಿಸಿದ್ದು ಕಂಡುಬಂತು.

ನಮ್ಮ ವಿಶ್ವವಿದ್ಯಾಲಯಗಳಿಗೆ ಇದನ್ನು ಆಮದು ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌, ಪ್ರತಿ ಸ್ವಯಂಸೇವಕನಿಂದ ವರ್ಷಕ್ಕೆ 120 ಗಂಟೆ ಕೇಳುತ್ತದೆ. ವಾರಗಳಿಗೆ ಹಂಚಿದರೆ ಎರಡು ಗಂಟೆಗಿಂತ ತುಸು ಹೆಚ್ಚು. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ 2019ರ ಅಧ್ಯಯನವೂ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ ಎಂದಿತ್ತು. ಲೆಕ್ಕ ಕೂಡಿಬಂದದ್ದು ಆಕಸ್ಮಿಕವೇ ಸರಿ, ಆದರೆ ಉಪಯೋಗಕ್ಕೆ ಬರುವ ಆಕಸ್ಮಿಕ. ಆ ಗಂಟೆಗಳು ಜಾಥಾ, ಭಾಷಣ, ಜೂನ್ 5ರ ಪರಿಸರ ದಿನದ ಫೋಟೊಗಳಲ್ಲಿ ಕರಗದೆ ವಾರವಾರವೂ ಮಣ್ಣಿಗೆ ಇಳಿಯಬೇಕು. ಕ್ಯಾಂಪಸ್ಸಿನಲ್ಲಿ ಕೆಲಸಕ್ಕೇನು ಬರವೇ? ಕಾಂಗ್ರೆಸ್ ಗಿಡವೊಂದೇ ಸಾಕು. ಹೂ ಬಿಡುವ ಮೊದಲೇ, ಮಳೆಗೆ ನೆಲ ಹದವಾಗಿರುವಾಗ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ತಡವಾದರೆ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಮುಟ್ಟಿದವರಿಗೆ ತುರಿಕೆ, ಕೆಲವರಿಗೆ ಉಬ್ಬಸ. ಒಂದು ದಿನದ ಶ್ರಮದಾನಕ್ಕೆ ಬಗ್ಗುವ ಕಳೆಯಲ್ಲ ಅದು.

ಆಕ್ಷೇಪಗಳಿವೆ. ನೆಮ್ಮದಿಯಿದ್ದವರೇ ಹಸಿರಿನತ್ತ ಹೋಗುತ್ತಾರೇನೋ ಎಂಬ ಅನುಮಾನ ನ್ಯಾಯವಾದದ್ದು. ಇಂಥ ಅಧ್ಯಯನದಿಂದ ಕಾರಣ ಯಾವುದು, ಫಲ ಯಾವುದು ಎಂದು ಹೇಳಲಾಗದು. ಹಾಗೆಂದು ಈ ಮದ್ದಿಗೆ ಖರ್ಚೇನು? ಬೆವರು, ಎರಡು ಗಂಟೆ. ಖಿನ್ನತೆಯಿಂದ ನರಳುವ ವಿದ್ಯಾರ್ಥಿಗೆ ಆಪ್ತಸಮಾಲೋಚಕರೇ ಬೇಕು, ಗುದ್ದಲಿ ಅವರ ಜಾಗಕ್ಕೆ ಬರಲಾರದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಾಲಿಗಳದ್ದು. ಬಿಟ್ಟಿ ಕೈಗಳು ಸಿಕ್ಕವೆಂದು ಖಾಲಿ ಹುದ್ದೆ ತುಂಬದಿರಲು ಆಡಳಿತಕ್ಕೆ ನೆಪ ಸಿಗಬಹುದು. ಹಾಗಾಗದಿರಲು ದಾರಿ ಒಂದೇ: ಮಾಲಿಯೇ ಮೇಷ್ಟ್ರಾಗಬೇಕು. ಯಾವ ಸಸಿಗೆ ಎಷ್ಟು ನೀರು, ಎಲ್ಲಿ ತರಗೆಲೆ ಹೊದಿಸಬೇಕು ಎಂಬುದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಕ್ಯಾಂಪಸ್ಸಿನಲ್ಲಿ ಕಡಿಮೆ. ಹಾಜರಿಗಾಗಿ ಬಲವಂತ ಮಾಡಿದರಂತೂ ಕೆಲಸವೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ.

ಕ್ಯಾಲೆಂಡರಿನ ತೊಡಕಿಗೆ ಮಾತ್ರ ಸುಲಭದ ಉತ್ತರವಿಲ್ಲ. ಜುಲೈನ ವನಮಹೋತ್ಸವಕ್ಕೆ ನೆಟ್ಟ ಸಸಿಗೆ ಆಸರೆ ಬೇಕಾಗುವುದು ಮೊದಲ ಬೇಸಿಗೆಯಲ್ಲಿ. ಅಷ್ಟರಲ್ಲಿ ಪರೀಕ್ಷೆ, ಆಮೇಲೆ ರಜೆ. ನೆಟ್ಟವರಲ್ಲಿ ಕೊನೆಯ ವರ್ಷದವರು ಮರಳಿ ಬರುವುದೂ ಇಲ್ಲ.