ಮಾತಾಡದ ಟ್ರಾನ್ಸಿಸ್ಟರು

ನಾವು ವೃತ್ತಿಯಿಂದ ರಸಾಯನಶಾಸ್ತ್ರದವರು. ಹೆಸರಿನ ಮುಂದೆ ಡಾಕ್ಟರೇಟಿನ ಕೊಂಬೂ ಉಂಟು. ಆ ಕೊಂಬು ನಮ್ಮ ಮನೆಯ ಅಡಿಗೆಮೇಜಿನ ಮೇಲೆಯೇ ಮುರಿದ ಕಥೆಯನ್ನು ಕೂಟದ ಬಂಧುಗಳ ಮುಂದೆ ಇಡುತ್ತಿದ್ದೇವೆ. ಮನೆಯಲ್ಲಿ ಮಕ್ಕಳಿರುವವರಿಗೆ ಉಪಯೋಗವಾದೀತು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಇದೇ ರಾಜ್ಯದ ಮರ್ರೆ ಹಿಲ್‌ನಲ್ಲಿರುವ ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರಿನಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮೊಟ್ಟಮೊದಲ ಟ್ರಾನ್ಸಿಸ್ಟರಿನಿಂದ ಧ್ವನಿಯನ್ನು ಹಿಗ್ಗಿಸಿ ತೋರಿಸಿದರು. ಶಾಕ್ಲೆಯವರೂ ಸೇರಿ ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಈ ಸಂಗತಿ ತಿಳಿದದ್ದೇ ತಡ, ಹತ್ತು ವರ್ಷದ ನಮ್ಮ ಮಗಳು ತನ್ನ ಡಯೋಡ್ ರೇಡಿಯೋದ ಪಿಸುಮಾತನ್ನು ತಾನೂ ಹಿಗ್ಗಿಸುವುದಾಗಿ ಹಟ ಹಿಡಿದಳು. ಮೈಸೂರಿನ ತಾತ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೊಂಡ ಬಿಡಿಭಾಗಗಳ ಪೊಟ್ಟಣ ಕಳಿಸಿದರು. ಭಾನುವಾರ ಫೋನಿನಲ್ಲಿ ತಾತನಿಗೆ ಕೇಳಿಸಬೇಕೆಂಬುದು ಕರಾರು.

ಸರ್ಕ್ಯೂಟು ಸರಳವಾದದ್ದು. 9 ವೋಲ್ಟಿನ ಬ್ಯಾಟರಿ. 47 ಕಿಲೋ ಓಮ್ ಮತ್ತು 10 ಕಿಲೋ ಓಮ್‌ನ ಎರಡು ರೆಸಿಸ್ಟರುಗಳು ಸೇರಿ ಬೇಸಿಗೆ ಸುಮಾರು 1.6 ವೋಲ್ಟ್ ಒದಗಿಸುತ್ತವೆ. ಎಮಿಟರು ಅದಕ್ಕಿಂತ 0.65ರಷ್ಟು ಕೆಳಗೆ, ಅಂದರೆ ಒಂದು ವೋಲ್ಟಿನ ಹತ್ತಿರ ನಿಲ್ಲಬೇಕು. ಅದರ ಕಾಲಿಗೆ 1 ಕಿಲೋ ಓಮ್ ಇರುವುದರಿಂದ ಹರಿಯುವ ವಿದ್ಯುತ್ತು ಸುಮಾರು 1 ಮಿಲಿಆಂಪಿಯರ್. ಅದೇ ವಿದ್ಯುತ್ತು ಕಲೆಕ್ಟರಿನ 4.7 ಕಿಲೋ ಓಮ್‌ನಲ್ಲಿ ಹರಿದು, ಕಲೆಕ್ಟರು 4.6 ವೋಲ್ಟಿನ ಸುತ್ತ, ಅಂದರೆ ಬ್ಯಾಟರಿಯ ಅರ್ಧದಲ್ಲಿ ನಿಲ್ಲಬೇಕು. ಧ್ವನಿ ಮೇಲಕ್ಕೂ ಕೆಳಕ್ಕೂ ಸಮನಾಗಿ ತೂಗಾಡಲು ಅಷ್ಟು ಜಾಗ ಬೇಕು.

ಶುಕ್ರವಾರ ಸಂಜೆ ಮಗಳು ಎಲ್ಲವನ್ನೂ ಬ್ರೆಡ್‌ಬೋರ್ಡಿಗೆ ಚುಚ್ಚಿ ಮುಗಿಸಿದಳು. ಧ್ವನಿ ಹಿಗ್ಗುವುದಿರಲಿ, ಮೊದಲಿದ್ದಷ್ಟೇ ಪಿಸುಗುಟ್ಟಿತು. "ನನ್ನ ಕೈಲಿ ಆಗಲ್ಲ ಅಪ್ಪ" ಎಂದು ಅತ್ತು ಮಲಗಿಬಿಟ್ಟಳು.

ಆಗ ನಾವು ಮಾಡಬಾರದ್ದನ್ನು ಮಾಡಿದೆವು. ಬೆಳಿಗ್ಗೆ ಏಳುವ ಹೊತ್ತಿಗೆ ಹಾಡುತ್ತಿರಲಿ, ಪಾಪ, ಎಂದು ರಾತ್ರಿ ಹನ್ನೊಂದಕ್ಕೆ ಕೈಹಾಕಿದೆವು. ಬ್ಯಾಟರಿ ಬದಲಿಸಿದೆವು, ಕೆಪಾಸಿಟರು ಬದಲಿಸಿದೆವು, ತಂತಿಗಳನ್ನು ಓರಣವಾಗಿ ಮತ್ತೆ ಜೋಡಿಸಿದೆವು. ಇದ್ದ ಪಿಸುಮಾತೂ ನಿಂತುಹೋಯಿತು! ಪ್ರಯೋಗಾಲಯದಲ್ಲಿ ಸಹಾಯಕರು ಒಂದೇ ಸಲ ಮೂರು ಬದಲಾವಣೆ ಮಾಡಿದರೆ ಗದರುವವರು ನಾವೇ.

ಬೆಳಿಗ್ಗೆ ತಪ್ಪೊಪ್ಪಿಕೊಂಡೆವು. ಮಗಳು ಒಂದು ಕ್ಷಣ ಮುಖ ನೋಡಿ, "ನೀನೂ ಕೆಡಿಸಿದ್ಯಾ?" ಎಂದು ನಕ್ಕಳು. ಅವಳ ಮುಖಕ್ಕೆ ಕಳೆ ಬಂದದ್ದು ಆಗಲೇ. ಮೀಟರು ಅವಳ ಕೈಗೆ ಕೊಟ್ಟು, ನಾವು ಪೆನ್ಸಿಲು ಹಿಡಿದು ಕೂತೆವು.

ಕರಿ ಕಡ್ಡಿಯನ್ನು ಬ್ಯಾಟರಿಯ ಋಣಕ್ಕೆ ಇಟ್ಟು ಒಂದೊಂದೇ ಅಳೆದಳು. ಕಲೆಕ್ಟರು: ಪೂರ್ತಿ 9. ಅಂದರೆ ಅದರ ರೆಸಿಸ್ಟರಿನಲ್ಲಿ ವಿದ್ಯುತ್ತೇ ಹರಿಯುತ್ತಿಲ್ಲ. ಎಮಿಟರಿನ 1 ಕಿಲೋ ಓಮ್‌ನ ಮೇಲ್ತುದಿ, ಕೆಳತುದಿ ಎರಡರಲ್ಲೂ ಒಂದೇ ಅಂಕಿ. ಕೆಳತುದಿ ಸೊನ್ನೆ ಇರಬೇಕಿತ್ತಲ್ಲ! ಅದು ಋಣಕ್ಕೆ ಮುಟ್ಟಿಯೇ ಇರಲಿಲ್ಲ. ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಉದ್ದನೆಯ ಪಟ್ಟಿ ನಡುವೆ ತುಂಡಾಗಿರುತ್ತದೆ. ನಾವು ಓರಣ ಮಾಡುವ ಭರದಲ್ಲಿ ಆ ಕಾಲನ್ನು ಜೀವವಿಲ್ಲದ ಅರ್ಧಕ್ಕೆ ಚುಚ್ಚಿದ್ದೆವು. ಡಾಕ್ಟರರ ತಪ್ಪು ಇದು.

ಅದನ್ನು ಸರಿಪಡಿಸಿದಾಗ ಕಲೆಕ್ಟರು 7.5ಕ್ಕೆ ಇಳಿಯಿತು, ಇನ್ನೂ ಹೆಚ್ಚು. ಬೇಸಿನಲ್ಲಿ 1.6ರ ಬದಲು ಬರೀ ಒಂದು ವೋಲ್ಟ್. ರೆಸಿಸ್ಟರುಗಳ ಬಣ್ಣ ಸರಿಯಿತ್ತು. ಹಾಗಾದರೆ ಬೇಸು ಅತಿಯಾಗಿ ವಿದ್ಯುತ್ತು ನುಂಗುತ್ತಿದೆ ಎಂದಾಯಿತು. ಒಳ್ಳೆಯ ಟ್ರಾನ್ಸಿಸ್ಟರಿನ ಬೇಸು ನುಂಗುವುದು ಕಲೆಕ್ಟರಿನಲ್ಲಿ ಹರಿಯುವುದರ ನೂರರಲ್ಲೊಂದು ಪಾಲೋ ಇನ್ನೂ ಕಡಮೆಯೋ.

ಮಗಳು ಪುಸ್ತಕದ ಚಿತ್ರವನ್ನೂ ಟ್ರಾನ್ಸಿಸ್ಟರಿನ ಮೈಮೇಲಿನ ಅಕ್ಷರವನ್ನೂ ಹೋಲಿಸಿದಳು. ಇಲ್ಲಿನ ಪುಸ್ತಕದಲ್ಲಿದ್ದದ್ದು 2ಎನ್3904. ತಾತ ಕಳಿಸಿದ್ದು ಬಿಸಿ547. ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲು ಕೆಳಗೆ ಮಾಡಿ ಹಿಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಎಮಿಟರು, ಬೇಸು, ಕಲೆಕ್ಟರು. ಎರಡನೆಯದರದು ಕಲೆಕ್ಟರು, ಬೇಸು, ಎಮಿಟರು. ಟ್ರಾನ್ಸಿಸ್ಟರು ಹಿಂದುಮುಂದಾಗಿ ಕೂತಿತ್ತು! ಹಾಗೆ ಕೂತರೂ ಅದು ಪೂರಾ ಸಾಯುವುದಿಲ್ಲ. ಆದರೆ ಎಮಿಟರಿಗೆ ಬೆರಕೆ ಹೆಚ್ಚು, ಕಲೆಕ್ಟರಿಗೆ ಕಡಮೆ ಹಾಕಿ ಮಾಡಿರುವುದರಿಂದ ತಿರುಗಿಸಿದರೆ ಶಕ್ತಿ ಉಡುಗುತ್ತದೆ. ಡಯೋಡ್ ರೇಡಿಯೋದ ಬಡ ಸಂಕೇತವನ್ನೆಲ್ಲ ಬೇಸೇ ನುಂಗಿಬಿಡುತ್ತದೆ.

ತಿರುಗಿಸಿ ಚುಚ್ಚಿದಳು. ಕಲೆಕ್ಟರು 4.6. ಇಯರ್‌ಫೋನಿನಲ್ಲಿ ನ್ಯೂಯಾರ್ಕಿನ ನಿಲಯ ಗಟ್ಟಿಯಾಗಿ ಮಾತಾಡಿತು.

ಬಂಧುಗಳಿಗೆ ನಮ್ಮ ಸಲಹೆ ಇಷ್ಟು. ಮೊದಲು ಬ್ಯಾಟರಿ, ಆಮೇಲೆ ಬೇಸು, ಎಮಿಟರು, ಕಲೆಕ್ಟರು, ಈ ಕ್ರಮದಲ್ಲಿ ಅಳೆದು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಈ ಪುಟ್ಟ ಸರ್ಕ್ಯೂಟಿಗೆ 8 ಓಮ್‌ನ ಸ್ಪೀಕರು ನೇರವಾಗಿ ಕಟ್ಟಬೇಡಿ. ಅದನ್ನು ಎಳೆಯುವ ಕಸುವು ಇದಕ್ಕಿಲ್ಲ. ಎಲ್ಲಕ್ಕಿಂತ ಮುಖ್ಯ, ಮಕ್ಕಳು ಮಲಗಿದ ಮೇಲೆ ಅವರ ಕೆಲಸಕ್ಕೆ ಕೈಹಾಕಬೇಡಿ.

ಭಾನುವಾರ ಮಗಳು ಇಯರ್‌ಫೋನನ್ನು ಫೋನಿನ ಬಾಯಿಗೆ ಒತ್ತಿ ಹಿಡಿದಳು. "ಯಾರೋ ಹವಾಮಾನ ಹೇಳ್ತಿದ್ದಾನಲ್ಲೇ ಪುಟ್ಟಿ!" ಎಂದರು ತಾತ. "ಹೂಂ ತಾತ. ಎರಡು ತಪ್ಪಾಗಿತ್ತು. ಒಂದು ನಂದು, ಒಂದು ಅಪ್ಪಂದು. ಎರಡೂ ನಾನೇ ಹುಡುಕಿದೆ" ಎಂದಳು. ನಾವು ಪಕ್ಕದಲ್ಲೇ ಇದ್ದೆವು, ಸುಮ್ಮನೆ ತಲೆಯಾಡಿಸಿದೆವು.