ವಿದ್ಯುತ್ತಿಗೆ ಹದ ಕಲಿಸಿದವರು

ವಿದ್ಯುತ್ತಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಉತ್ಪಾದನೆಯ ಚರಿತ್ರೆಯಾಗಿಯೇ ಓದುತ್ತೇವೆ. ಶಿವನಸಮುದ್ರ, ಶರಾವತಿ, ರಾಯಚೂರು, ಈಚೆಗೆ ಪಾವಗಡ. ಎಲ್ಲಿ ಎಷ್ಟು ಮೆಗಾವಾಟ್ ಹುಟ್ಟಿತು ಎಂಬುದೇ ಸುದ್ದಿಯಾಗುತ್ತದೆ, ಶಂಕುಸ್ಥಾಪನೆಯ ಕಲ್ಲುಗಳೂ ಅಲ್ಲೇ ನಿಲ್ಲುತ್ತವೆ. ಆದರೆ ಹುಟ್ಟಿದ ವಿದ್ಯುತ್ತು ಹುಟ್ಟಿದ ರೂಪದಲ್ಲೇ ಯಾರ ಕೆಲಸಕ್ಕೂ ಬರುವುದಿಲ್ಲ. ಅದರ ವೋಲ್ಟೇಜ್ ಏರಬೇಕು, ಇಳಿಯಬೇಕು. ಕೆಲವೆಡೆ ಅದರ ಸ್ವರೂಪವೇ ಬದಲಾಗಬೇಕು. ಮೋಟಾರಿನ ಬಳಿಗೆ ಬಂದಾಗ ಬೇಕಾದಷ್ಟೇ ವೇಗ, ಬೇಕಾದಷ್ಟೇ ಬಲ ಕೊಡಬೇಕು. ಈ ಹದಗೊಳಿಸುವ ಕೆಲಸವೇ ಆಧುನಿಕ ಕೈಗಾರಿಕೆಯ ನಿಜವಾದ ಅಡಿಪಾಯ. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಮೂಲದ ಎಬಿಬಿ ಕಂಪನಿಯ ಕತೆಯನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ. ನೂರಾರು ಕಿಲೊಮೀಟರ್ ಉದ್ದದ ಲೈನಿಗೂ ಕಾರ್ಖಾನೆಯ ರೋಬೊಗೂ ಸಂಬಂಧವೇ ಇಲ್ಲವೆನಿಸಬಹುದು. ಎರಡೂ ಒಂದೇ ವಿದ್ಯೆಯ ಕವಲುಗಳು. ಆ ವಿದ್ಯೆ ಫಲಿಸಲು ದಶಕಗಳು ಬೇಕಾದವು. ಅಷ್ಟು ಕಾಲ ಕಾಯುವುದು ಸಾಧ್ಯವಾದದ್ದು ಕಂಪನಿಯ ಬಂಡವಾಳದಿಂದ ಮಾತ್ರವಲ್ಲ, ಅಪಾಯ ಹಂಚಿಕೊಳ್ಳಲು ಸಿದ್ಧವಾಗಿದ್ದ ಸಾರ್ವಜನಿಕ ಸಂಸ್ಥೆಗಳಿಂದ ಎಂಬುದು ಈ ಲೇಖನದ ವಾದ.

ಎಬಿಬಿ ಎಂಬ ಹೆಸರು ಅಸಿಯಾ ಮತ್ತು ಬ್ರೌನ್ ಬೊವೇರಿ ಎಂಬ ಎರಡು ಕಂಪನಿಗಳು ಒಂದಾದ 1988ರದ್ದು. ಅದರ ಬೇರುಗಳು ಇನ್ನೂ ನೂರು ವರ್ಷ ಹಳೆಯವು. 1883ರಲ್ಲಿ ಲುಡ್ವಿಗ್ ಫ್ರೆಡ್‌ಹೋಮ್ ಸ್ಟಾಕ್‌ಹೋಮ್‌ನಲ್ಲಿ ಆರಂಭಿಸಿದ ಕಂಪನಿ ಮುಂದೆ ವೆಸ್ತೆರೋಸ್ ನಗರದಲ್ಲಿ ನೆಲೆಯೂರಿ ‘ಅಸಿಯಾ’ ಎನಿಸಿತು. ಅದರ ಎಂಜಿನಿಯರ್ ಯೋನಾಸ್ ವೆನ್‌ಸ್ಟ್ರೋಮ್ ರೂಪಿಸಿದ ತ್ರೀ ಫೇಸ್ ವ್ಯವಸ್ಥೆ 1893ರಲ್ಲಿ ಹೆಲ್‌ಶಾನ್‌ನ ಜಲಶಕ್ತಿಯನ್ನು ಗ್ರೆಂಗೆಸ್‌ಬರ್ಗ್‌ನ ಕಬ್ಬಿಣದ ಗಣಿಗೆ ಮುಟ್ಟಿಸಿತು. ಇತ್ತ ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿ 1891ರಲ್ಲಿ ಚಾರ್ಲ್ಸ್ ಬ್ರೌನ್ ಮತ್ತು ವಾಲ್ಟರ್ ಬೊವೇರಿ ಸೇರಿ ಬ್ರೌನ್ ಬೊವೇರಿ ಕಂಪನಿ ಕಟ್ಟಿದರು. ಅದೇ ವರ್ಷ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ನ ವಸ್ತುಪ್ರದರ್ಶನಕ್ಕೆ 175 ಕಿ.ಮೀ. ದೂರ ಎ.ಸಿ. ವಿದ್ಯುತ್ತನ್ನು ಸಾಗಿಸಿ ತೋರಿಸಿದವರಲ್ಲಿ ಈ ಬ್ರೌನ್ ಒಬ್ಬರು. ದೂರದ ನೀರಿನ ಶಕ್ತಿಯನ್ನು ಊರಿಗೆ ತರಬಹುದು ಎಂಬ ಧೈರ್ಯ ಜಗತ್ತಿಗೆ ಬಂದದ್ದು ಆ ಪ್ರಯೋಗದಿಂದ. ಹನ್ನೊಂದೇ ವರ್ಷಗಳಲ್ಲಿ, 1902ರಲ್ಲಿ, ಬೇರೆ ಕಂಪನಿಗಳ ಯಂತ್ರಗಳಿಂದಲಾದರೂ ಇದೇ ತತ್ವದ ಮೇಲೆ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿ ತಲುಪಿತು.

ಡಿ.ಸಿ.ಯ ಎದುರು ಎ.ಸಿ. ಗೆದ್ದದ್ದಕ್ಕೆ ಕಾರಣ ಟ್ರಾನ್ಸ್‌ಫಾರ್ಮರ್. ವೋಲ್ಟೇಜನ್ನು ಏರಿಸಿ ಇಳಿಸುವ ಕೆಲಸವನ್ನು ಅದು ಸಲೀಸಾಗಿ ಮಾಡುತ್ತಿತ್ತು. ಆದರೆ ಎ.ಸಿ.ಗೆ ಒಂದು ಮಿತಿಯಿತ್ತು. ನೀರಿನಡಿಯ ಕೇಬಲ್ಲಿನಲ್ಲಿ ವಾಹಕಕ್ಕೂ ಹೊರಕವಚಕ್ಕೂ ನಡುವೆ ನಿರೋಧಕ ಪದರ ಮಾತ್ರ ಇರುವುದರಿಂದ ಇಡೀ ಕೇಬಲ್ ಒಂದು ದೊಡ್ಡ ಕೆಪಾಸಿಟರ್ ಆಗಿಬಿಡುತ್ತದೆ. ಸೆಕೆಂಡಿಗೆ 50 ಆವರ್ತನದಲ್ಲಿ ಹಿಂದೆಮುಂದೆ ಹರಿಯುವ ಪ್ರವಾಹ ಅದನ್ನು ತುಂಬಿಸುವುದು, ಬರಿದು ಮಾಡುವುದರಲ್ಲೇ ದಣಿಯುತ್ತದೆ. ಕೇಬಲ್ ಉದ್ದವಾದಷ್ಟೂ ಆಚೆ ದಡಕ್ಕೆ ಸಿಗುವ ಪಾಲು ಕಡಿಮೆಯಾಗುತ್ತದೆ. ಒಂದೇ ದಿಕ್ಕಿಗೆ ಹರಿಯುವ ಡಿ.ಸಿ.ಗೆ ಈ ತೊಂದರೆ ಇಲ್ಲ. ಆದರೆ ಭಾರಿ ವೋಲ್ಟೇಜಿನಲ್ಲಿ ಎ.ಸಿ.ಯನ್ನು ಡಿ.ಸಿ.ಯಾಗಿ, ಮತ್ತೆ ಡಿ.ಸಿ.ಯನ್ನು ಎ.ಸಿ.ಯಾಗಿ ಮಾರ್ಪಡಿಸುವ ಸಾಧನವೇ ಇರಲಿಲ್ಲ. ಪಾದರಸದ ಆರ್ಕ್ ಕವಾಟ ಎಂಬುದೊಂದಿತ್ತು. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡಬೇಕು. ವೋಲ್ಟೇಜ್ ಹೆಚ್ಚಿದಂತೆ ಅದು ತಿರುಗಿಬಿದ್ದು ಹಿಮ್ಮುಖವಾಗಿ ಹರಿಸಿಬಿಡುತ್ತಿತ್ತು. ಅಸಿಯಾದ ತರುಣ ಎಂಜಿನಿಯರ್ ಉನೊ ಲಾಮ್ ಈ ಕವಾಟದೊಳಗೆ ನಡುನಡುವೆ ಎಲೆಕ್ಟ್ರೋಡುಗಳನ್ನಿಟ್ಟು ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚುವ ಉಪಾಯ ಹೂಡಿ 1929ರಲ್ಲಿ ಪೇಟೆಂಟ್ ಪಡೆದರು. ಉಪಾಯ ಹೊಳೆದದ್ದು ಇಪ್ಪತ್ತೈದರ ಪ್ರಾಯದಲ್ಲಿ, ಅದು ವ್ಯಾಪಾರಕ್ಕೆ ಒದಗಿದ್ದು ಅವರಿಗೆ ಐವತ್ತಾದಾಗ. ನಡುವೆ ಇದ್ದದ್ದು ಕಾಲು ಶತಮಾನದ ಪರೀಕ್ಷೆ, ಸೋಲು, ತಿದ್ದುಪಡಿ. ಕವಾಟದೊಳಗಿನ ಆರ್ಕ್ ಹೇಗೆ ವರ್ತಿಸುತ್ತದೆಂದು ಲೆಕ್ಕ ಹಾಕಿ ಹೇಳಲು ಆಗುತ್ತಿರಲಿಲ್ಲ. ಪೂರ್ಣ ಶಕ್ತಿಯಲ್ಲಿ ಓಡಿಸಿಯೇ ನೋಡಬೇಕಿತ್ತು. ಅದಕ್ಕಾಗಿ ಟ್ರೋಲ್‌ಹೆಟ್ಟನ್‌ನಲ್ಲಿ, ಜಲವಿದ್ಯುತ್ ಕೇಂದ್ರದ ಮಗ್ಗುಲಲ್ಲೇ, ಪರೀಕ್ಷಾ ಕೇಂದ್ರವೊಂದನ್ನು ಕಟ್ಟಬೇಕಾಯಿತು.

1954ರಲ್ಲಿ ಸ್ವೀಡನ್ನಿನ ಮುಖ್ಯ ಭೂಭಾಗದ ವೆಸ್ಟರ್ವಿಕ್‌ನಿಂದ ಬಾಲ್ಟಿಕ್ ಸಮುದ್ರದ ಗಾಟ್‌ಲ್ಯಾಂಡ್ ದ್ವೀಪಕ್ಕೆ ಸುಮಾರು 100 ಕಿ.ಮೀ. ಉದ್ದದ ಕೇಬಲ್ಲಿನಲ್ಲಿ ಡಿ.ಸಿ. ಹರಿಯಿತು. 100 ಕಿಲೊವೋಲ್ಟ್, 20 ಮೆಗಾವಾಟ್. ಕೇಬಲ್ ಒಂದೇ, ಮರುದಾರಿಯಾಗಿ ಸಮುದ್ರದ ನೀರನ್ನೇ ಬಳಸಿದರು. ಇಂದಿನ ಅಳತೆಗೆ ಇದು ಸಣ್ಣ ಯೋಜನೆ. ಜಗತ್ತಿನ ಮೊದಲ ವಾಣಿಜ್ಯ ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ಡಿ.ಸಿ.) ಸಂಪರ್ಕ ಇದೇ ಎಂದು ಹೇಳುವುದುಂಟು, ಅದರಲ್ಲಿ ‘ವಾಣಿಜ್ಯ’ ಎಂಬ ಮಾತನ್ನು ಬಿಡುವಂತಿಲ್ಲ. ಏಕೆಂದರೆ ಯುದ್ಧಕಾಲದ ಜರ್ಮನಿಯಲ್ಲಿ ಬರ್ಲಿನ್‌ಗಾಗಿ ಸಿದ್ಧಪಡಿಸಿದ್ದ ಡಿ.ಸಿ. ಉಪಕರಣಗಳನ್ನು ಸೋವಿಯತ್ ಒಕ್ಕೂಟ ಒಯ್ದು, ಕಾಶಿರಾ–ಮಾಸ್ಕೊ ನಡುವೆ 1951ರಲ್ಲೇ ಪ್ರಾಯೋಗಿಕ ಲೈನ್ ನಡೆಸಿತ್ತು. ಹಾಗಿದ್ದ ಮೇಲೆ ಅಸಿಯಾದ ಹೆಚ್ಚುಗಾರಿಕೆ ಏನು? ಲಾಮ್ ಇಲ್ಲದಿದ್ದರೆ ಇನ್ನೊಬ್ಬರು ಮಾಡುತ್ತಿದ್ದರಲ್ಲ? ಮಾಡುತ್ತಿದ್ದರು, ನಿಜ. ಆದರೆ ಪ್ರಯೋಗವನ್ನು ದಿನವೂ ನಂಬಬಹುದಾದ ಸೇವೆಯನ್ನಾಗಿ ಮಾಡುವುದು ಬೇರೆಯೇ ಕೆಲಸ. ಗಾಟ್‌ಲ್ಯಾಂಡಿನಲ್ಲಿ ಅದು ಸಾಧ್ಯವಾದದ್ದು ಸ್ವೀಡನ್ನಿನ ಸರ್ಕಾರಿ ವಿದ್ಯುತ್ ಸಂಸ್ಥೆ ವಾಟೆನ್‌ಫಾಲ್ ಆರ್ಡರ್ ಕೊಟ್ಟದ್ದರಿಂದ. ದಿನನಿತ್ಯದ ಸೇವೆಯಲ್ಲಿ ಎಲ್ಲೂ ನಡೆದು ತೋರಿಸದ ಯಂತ್ರವನ್ನು ಜನರ ಹಣದಲ್ಲಿ ಕೊಳ್ಳುವ ನಿರ್ಧಾರ ಅದು. ಲೆಕ್ಕಪರಿಶೋಧಕರ ಕಣ್ಣಿಗೆ ದುಡುಕು ಎನಿಸಬಹುದಾದ ಆ ಖರೀದಿಯೇ ಒಂದು ಉದ್ಯಮವನ್ನು ಹುಟ್ಟುಹಾಕಿತು.

ಆಮೇಲಿನ ಹಾದಿ ವೇಗದ್ದು. 1970ರಲ್ಲಿ ಅದೇ ಗಾಟ್‌ಲ್ಯಾಂಡ್ ಕೇಂದ್ರದಲ್ಲಿ ಪಾದರಸದ ಜೊತೆಗೆ ಅರೆವಾಹಕ ಥೈರಿಸ್ಟರ್ ಬಂತು. 1980ರ ದಶಕದಲ್ಲಿ ಬ್ರೆಜಿಲ್–ಪರಗ್ವೆ ಗಡಿಯ ಇಟೈಪು ಅಣೆಕಟ್ಟಿನಿಂದ ಸಾವೊ ಪಾಲೊ ಕಡೆಗೆ ಸುಮಾರು 800 ಕಿ.ಮೀ. ದೂರ 6,300 ಮೆಗಾವಾಟ್ ಸಾಗಿಸುವ ವ್ಯವಸ್ಥೆ ಸಿದ್ಧವಾಯಿತು. ಅಲ್ಲಿನ ಸಮಸ್ಯೆ ದೂರವೊಂದೇ ಅಲ್ಲ: ಪರಗ್ವೆಯದು 50 ಹರ್ಟ್ಸ್ ವಿದ್ಯುತ್ತು, ಬ್ರೆಜಿಲ್‌ನದು 60. ಒಂದಕ್ಕೊಂದು ಹೊಂದದ ಎರಡು ಜಾಲಗಳ ನಡುವೆ ಡಿ.ಸಿ.ಯೇ ಸೇತುವೆಯಾಯಿತು. 1997ರಲ್ಲಿ, ವೆನ್‌ಸ್ಟ್ರೋಮ್‌ನ ಕಾಲದ ಹೆಲ್‌ಶಾನ್–ಗ್ರೆಂಗೆಸ್‌ಬರ್ಗ್ ಹಾದಿಯಲ್ಲೇ, ಟ್ರಾನ್ಸಿಸ್ಟರ್ ಮಾದರಿಯ ಕವಾಟಗಳ ಹೊಸ ‘ಎಚ್‌ವಿಡಿಸಿ ಲೈಟ್’ ಪರೀಕ್ಷೆಗೊಂಡಿತು. 1999ರಲ್ಲಿ ಗಾಟ್‌ಲ್ಯಾಂಡಿನ ಗಾಳಿ ವಿದ್ಯುತ್ತಿಗಾಗಿ ವಾಣಿಜ್ಯ ಬಳಕೆಗೆ ಇಳಿಯಿತು. ಹಳೆಯ ಡಿ.ಸಿ. ಕೇಂದ್ರಕ್ಕೆ ಎರಡೂ ತುದಿಯಲ್ಲಿ ಗಟ್ಟಿಯಾದ ಎ.ಸಿ. ಜಾಲದ ಆಸರೆ ಬೇಕಿತ್ತು; ಇದು ಪೂರ್ತಿ ಕತ್ತಲಾದ ಜಾಲವನ್ನೂ ತಾನೇ ಮೇಲೆಬ್ಬಿಸಬಲ್ಲದು. ಭಾರತದ ಉದಾಹರಣೆ ಇನ್ನೂ ದೊಡ್ಡದು. ಈಶಾನ್ಯದ ಜಲವಿದ್ಯುತ್ತು ದೇಶದ ಉಳಿದ ಭಾಗಕ್ಕೆ ಬರಬೇಕಾದರೆ ಸಿಲಿಗುರಿ ಬಳಿಯ ಕಿರಿದಾದ ಪಟ್ಟಿಯಲ್ಲೇ ಹಾಯಬೇಕು, ಅಲ್ಲಿ ಹೆಚ್ಚು ಟವರ್ ಸಾಲುಗಳಿಗೆ ಜಾಗವಿಲ್ಲ. ಅಸ್ಸಾಂನ ಬಿಸ್ವನಾಥ್ ಚಾರಿಆಲಿಯಿಂದ ಆಗ್ರಾಕ್ಕೆ ±800 ಕಿಲೊವೋಲ್ಟ್‌ನ, 6,000 ಮೆಗಾವಾಟ್ ಸಾಮರ್ಥ್ಯದ, 1,700 ಕಿ.ಮೀ.ಗೂ ಹೆಚ್ಚು ಉದ್ದದ ಲೈನಿನ ಪರಿವರ್ತಕ ಕೇಂದ್ರಗಳನ್ನು ಪವರ್‌ಗ್ರಿಡ್ ನಿಗಮಕ್ಕಾಗಿ ಎಬಿಬಿ ಮತ್ತು ಬಿಎಚ್‌ಇಎಲ್ ನಿರ್ಮಿಸಿಕೊಟ್ಟವು. ಇಲ್ಲಿಯೂ ಕೊಂಡದ್ದು ಸಾರ್ವಜನಿಕ ಸಂಸ್ಥೆಯೇ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಿಂದ ವಿದ್ಯುತ್ತು ತರುತ್ತಿರುವ ಡಿ.ಸಿ. ಲೈನಿನ ಉಪಕರಣಗಳು ಎಬಿಬಿಯ ಎದುರಾಳಿ ಸೀಮೆನ್ಸ್‌ನವು. ಒಂದು ಕಂಪನಿ ತೆರೆದ ದಾರಿಯಲ್ಲಿ ಪ್ರತಿಸ್ಪರ್ಧಿಗಳೂ ನಡೆದಾಗಲೇ ಆ ತಂತ್ರಜ್ಞಾನ ಸಮಾಜದ ಆಸ್ತಿಯಾಗುತ್ತದೆ.

ಲೈನಿನ ಇನ್ನೊಂದು ತುದಿಯಲ್ಲಿ ಮೋಟಾರ್ ಇದೆ. ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ಶೇ 45ರ ಆಸುಪಾಸು ಮೋಟಾರುಗಳಿಗೇ ಹೋಗುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2011ರ ಅಧ್ಯಯನ ಅಂದಾಜು ಮಾಡಿತ್ತು. ಸಾಮಾನ್ಯ ಎ.ಸಿ. ಮೋಟಾರಿಗೆ ತನ್ನದೇ ವೇಗ ಎಂಬುದಿಲ್ಲ. ಗ್ರಿಡ್ಡಿನ 50 ಹರ್ಟ್ಸ್ ಹೇಳಿದಂತೆ ಅದು ತಿರುಗುತ್ತದೆ. ಗಾಳಿ ಅಥವಾ ನೀರು ಕಡಿಮೆ ಸಾಕು ಎಂದಾಗ ಬಹುತೇಕ ಕಾರ್ಖಾನೆಗಳು ಮೋಟಾರನ್ನು ಪೂರ್ಣ ವೇಗದಲ್ಲೇ ಬಿಟ್ಟು ಮುಂದಿನ ವಾಲ್ವನ್ನು ಅರ್ಧ ಮುಚ್ಚುತ್ತಿದ್ದವು. ಒಲೆಯ ಉರಿಯನ್ನು ಹಾಗೇ ಬಿಟ್ಟು ಉಕ್ಕುವ ಹಾಲಿಗೆ ನೀರು ಚಿಮುಕಿಸುತ್ತಾ ಕುಳಿತಂತೆ. ವಿದ್ಯುತ್ತಿನ ಆವರ್ತನವನ್ನೇ ಬದಲಿಸಿ ಮೋಟಾರಿನ ವೇಗವನ್ನು ಹತೋಟಿಗೆ ತರುವ ಸಾಧನವೇ ‘ಡ್ರೈವ್’. ಫ್ಯಾನು, ಪಂಪುಗಳಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ವೇಗವನ್ನು ಶೇ 80ಕ್ಕೆ ಇಳಿಸಿದರೆ ವಿದ್ಯುತ್ತು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈ ವಿದ್ಯೆಯಲ್ಲಿ ಪಳಗಿದ್ದ ಫಿನ್‌ಲೆಂಡಿನ ಸ್ಟ್ರೋಮ್‌ಬರ್ಗ್ ಕಂಪನಿಯನ್ನು ಅಸಿಯಾ 1986ರಲ್ಲಿ ಕೊಂಡಿತು. ಆ ಬಳಗದವರೇ ಮೋಟಾರಿನ ತಿರುಗುಬಲವನ್ನು ನೇರವಾಗಿ ನಿಯಂತ್ರಿಸುವ ವಿಧಾನವನ್ನು 1995ರಲ್ಲಿ ಮಾರುಕಟ್ಟೆಗೆ ತಂದರು. ಆದರೆ ಕಂಪನಿಗಳ ಜಾಹೀರಾತಿನಲ್ಲಿ ಕಾಣುವ ಈ ‘ಅರ್ಧ ಉಳಿತಾಯ’ ಎಲ್ಲ ಕಡೆಗೂ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರ ಮಾತ್ರವಲ್ಲ, ಸುಮಾರು 500 ಮೀಟರ್ ಎತ್ತರವನ್ನೂ ಏರುತ್ತದೆ. ಇಂಥಲ್ಲಿ ವಿದ್ಯುತ್ತಿನ ಬಹುಪಾಲು ನೀರನ್ನು ಎತ್ತುವುದಕ್ಕೇ ಬೇಕು. ವೇಗ ತಗ್ಗಿಸಿ ಅದನ್ನು ಉಳಿಸಲಾಗದು. ಎತ್ತರವಿಲ್ಲದೆ ಸುತ್ತುವ ನೀರು, ಬೀಸುವ ಗಾಳಿ ಇರುವಲ್ಲಿ ಲೆಕ್ಕ ಸರಿಹೊಂದುತ್ತದೆ.

ರೋಬೊದ ಕತೆಯೂ ಇದೇ ಹಾದಿಯದು. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆ ಸೇರಿದ ಯೂನಿಮೇಟ್ ಎಣ್ಣೆಯ ಒತ್ತಡದಿಂದ ಚಲಿಸುವ ಯಂತ್ರ: ಬಲಶಾಲಿ, ಆದರೆ ನಯ ಕಡಿಮೆ. ಅಸಿಯಾದಲ್ಲಿ ಬ್ಯೋರ್ನ್ ವೈಕ್‌ಬ್ರೂಟ್ ನೇತೃತ್ವದ ತಂಡ ರೂಪಿಸಿದ ಐಆರ್‌ಬಿ 6, ಎಣ್ಣೆಯನ್ನು ಬಿಟ್ಟು ಸಂಪೂರ್ಣ ವಿದ್ಯುತ್ ಮೋಟಾರುಗಳನ್ನೂ ಅವುಗಳನ್ನು ಆಳಲು ಇಂಟೆಲ್‌ನ ಮೈಕ್ರೊಪ್ರೊಸೆಸರನ್ನೂ ನೆಚ್ಚಿತು. ಆರು ಕಿಲೊ ಎತ್ತಬಲ್ಲ ಆ ತೋಳನ್ನು 1974ರಲ್ಲಿ ಮೊದಲು ಕೊಂಡದ್ದು ದೊಡ್ಡ ಕಾರು ಕಂಪನಿಯಲ್ಲ, ದಕ್ಷಿಣ ಸ್ವೀಡನ್ನಿನ ಗೆನಾರ್ಪ್ ಎಂಬ ಊರಿನ ಸಣ್ಣ ಕುಟುಂಬೋದ್ಯಮ. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳನ್ನು ಉಜ್ಜಿ ಹೊಳಪು ಕೊಡಲು. ಮೋಟಾರಿನ ಪ್ರವಾಹವನ್ನು ಕ್ಷಣಕ್ಷಣಕ್ಕೂ ಅಳೆದು ತಿದ್ದುವ ವಿದ್ಯೆ ಕೈವಶವಾಗಿದ್ದರಿಂದಲೇ ಲೋಹದ ತೋಳಿಗೆ ಹದ ಬಂತು. ಪೀಣ್ಯದಂಥ ಸಾವಿರಾರು ಸಣ್ಣ ಘಟಕಗಳಿರುವ ನೆಲದಲ್ಲಿ ಈ ಸಂಗತಿಯನ್ನು ಗಮನಿಸಬೇಕು. ಯಾಂತ್ರೀಕರಣ ದೊಡ್ಡವರ ಸೊತ್ತಾಗಿ ಹುಟ್ಟಲಿಲ್ಲ.

ಯಾಂತ್ರೀಕರಣ ಕೂಲಿಯವರ ಅನ್ನ ಕಸಿಯುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆಲವು ಕೆಲಸಗಳು ಹೋಗುತ್ತವೆ. ಹೋದ ಕೆಲಸ ಅದೇ ವ್ಯಕ್ತಿಗೆ ಬೇರೆ ರೂಪದಲ್ಲಿ ಮರಳುತ್ತದೆಂಬ ಖಾತರಿ ಯಾವ ಕಂಪನಿಯೂ ಕೊಡುವುದಿಲ್ಲ. ಆದರೂ ಕಾರ್ಮಿಕರ ಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ರೋಬೊಗಳಿರುವ ದಕ್ಷಿಣ ಕೊರಿಯಾ ನಿರುದ್ಯೋಗದಿಂದ ಮುಳುಗಿದ ದೇಶವಲ್ಲ. ಲೋಹದ ದೂಳು, ಬೆಸುಗೆಯ ಹೊಗೆ, ಬಣ್ಣದ ಆವಿಯ ನಡುವೆ ಮನುಷ್ಯರನ್ನು ನಿಲ್ಲಿಸುವುದೇ ಉದ್ಯೋಗ ರಕ್ಷಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಕಾರ್ಮಿಕರಿಗೆ ರೋಬೊ ನಡೆಸುವ, ದುರಸ್ತಿ ಮಾಡುವ ತರಬೇತಿ ಮೊದಲು ಸಿಗಬೇಕು, ಯಂತ್ರ ಆಮೇಲೆ ಬರಬೇಕು. ಇದನ್ನು ಮಾರುಕಟ್ಟೆಗೆ ಬಿಟ್ಟರೆ ಆಗದು. ಐಟಿಐಗಳನ್ನು ನಡೆಸುವ ಸರ್ಕಾರದ ಹೊಣೆ ಅದು.

ಇದಕ್ಕಿಂತ ತೀಕ್ಷ್ಣವಾದ ಆಕ್ಷೇಪ ಕಂಪನಿಯ ನಡತೆಯನ್ನೇ ಕುರಿತದ್ದು. 1990ರಲ್ಲಿ ಕೊಂಡ ಅಮೆರಿಕದ ಕಂಬಶ್ಚನ್ ಎಂಜಿನಿಯರಿಂಗ್ ಕಂಪನಿಯ ಹಳೆಯ ಕಲ್ನಾರಿನ ಬಳಕೆಯಿಂದ ಬಂದ ಪರಿಹಾರದ ದಾವೆಗಳು 2002ರ ಹೊತ್ತಿಗೆ ಎಬಿಬಿಯನ್ನು ದಿವಾಳಿಯ ಅಂಚಿಗೆ ತಂದಿದ್ದವು. ದಕ್ಷಿಣ ಆಫ್ರಿಕಾದ ಕುಸಿಲೆ ವಿದ್ಯುತ್ ಸ್ಥಾವರದ ಗುತ್ತಿಗೆಗೆ ಸಂಬಂಧಿಸಿದ ಲಂಚದ ಪ್ರಕರಣದಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ 2022ರ ಡಿಸೆಂಬರ್‌ನಲ್ಲಿ ಮಾಡಿಕೊಂಡ ಇತ್ಯರ್ಥದಲ್ಲಿ ದಂಡ 31.5 ಕೋಟಿ ಡಾಲರ್ ಮೀರಿತು. ದೋಚಿದ್ದು ಆ ದೇಶದ ಸಾರ್ವಜನಿಕ ವಿದ್ಯುತ್ ಸಂಸ್ಥೆಯನ್ನು ಎಂಬುದನ್ನು ಮರೆಯಬಾರದು. ಒಳ್ಳೆಯ ಯಂತ್ರ ಇದಕ್ಕೆ ಸಮಜಾಯಿಷಿಯಾಗಲಾರದು. ಇನ್ನು, ಗಾಟ್‌ಲ್ಯಾಂಡಿನಿಂದ ಬೆಳೆದುಬಂದ ಪವರ್ ಗ್ರಿಡ್ಸ್ ವಿಭಾಗದ ಬಹುಪಾಲನ್ನು ಎಬಿಬಿ, ಹೂಡಿಕೆದಾರರ ಒತ್ತಾಯದ ನಡುವೆ, 2020ರಲ್ಲಿ ಜಪಾನಿನ ಹಿಟಾಚಿಗೆ ಮಾರಿತು; ಅದೀಗ ಹಿಟಾಚಿ ಎನರ್ಜಿ. 2025ರ ಅಕ್ಟೋಬರ್‌ನಲ್ಲಿ ರೋಬೊ ವಿಭಾಗವನ್ನು ಸಾಫ್ಟ್‌ಬ್ಯಾಂಕಿಗೆ ಮಾರುವ ಒಪ್ಪಂದವನ್ನೂ ಮಾಡಿಕೊಂಡಿತು. ಹಾಗಾದರೆ ದಶಕಗಳ ತಾಳ್ಮೆಯ ಮಾತು ಸುಳ್ಳೇ? ನನಗೆ ಅದು ತದ್ವಿರುದ್ಧವಾದುದನ್ನು ಹೇಳುತ್ತದೆ. ಷೇರುದಾರರ ತಾಳ್ಮೆಗೆ ಮಿತಿಯಿದೆ, ಕಂಪನಿಯ ಹೆಸರು, ಒಡೆತನ ಬದಲಾಗುತ್ತಿರುತ್ತವೆ. ಇಷ್ಟೆಲ್ಲ ಬದಲಾದರೂ ವಿದ್ಯೆ ಕೈಬಿಡದೆ ಉಳಿದದ್ದು ದಶಕ ದಶಕಕ್ಕೂ ಲೈನುಗಳನ್ನು ಕೊಳ್ಳುತ್ತಾ ಬಂದ ವಾಟೆನ್‌ಫಾಲ್, ಪವರ್‌ಗ್ರಿಡ್‌ನಂಥ ಸಂಸ್ಥೆಗಳಿಂದ.

ಎಬಿಬಿ ಇಂಡಿಯಾದ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ, ಕಾರ್ಖಾನೆಗಳು ಪೀಣ್ಯ, ನೆಲಮಂಗಲಗಳಲ್ಲಿವೆ. ಡ್ರೈವ್ ಜೋಡಿಸಬಲ್ಲ, ನಿಯಂತ್ರಣದ ಸಾಫ್ಟ್‌ವೇರ್ ಬರೆಯಬಲ್ಲ ಎಂಜಿನಿಯರುಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ. ಹೊಸದನ್ನು ಮೊದಲು ಕೊಳ್ಳುವವರು ಮಾತ್ರ ಸಾಲದು. ಪಾವಗಡದಲ್ಲಿ 2,000 ಮೆಗಾವಾಟ್ ದಾಟಿದ ಸೌರಶಕ್ತಿ ಇದೆ, ಚಿತ್ರದುರ್ಗ, ಗದಗ ಕಡೆ ಗಾಳಿಯಂತ್ರಗಳಿವೆ. ಈ ಏರಿಳಿತದ ವಿದ್ಯುತ್ತನ್ನು ಹದದಲ್ಲಿಡುವ ಉಪಕರಣಗಳಿಗೆ ಇಲ್ಲಿಗಿಂತ ಒಳ್ಳೆಯ ಪರೀಕ್ಷಾ ಭೂಮಿ ಸಿಗದು. ರಾಜ್ಯದ ಪ್ರಸರಣ ನಿಗಮವೂ ಎಸ್ಕಾಂಗಳೂ ಟೆಂಡರ್ ಕರೆಯುವಾಗ ಅತಿ ಕಡಿಮೆ ದರ ಮತ್ತು ಹಿಂದಿನ ಅನುಭವ ಎಂಬ ಎರಡೇ ಷರತ್ತಿಗೆ ಅಂಟಿಕೊಳ್ಳದೆ, ಪ್ರತಿ ವರ್ಷದ ಖರೀದಿಯಲ್ಲಿ ಒಂದು ಸಣ್ಣ ಪಾಲನ್ನು ಇನ್ನೂ ಎಲ್ಲೂ ಸಾಬೀತಾಗದ, ಆದರೆ ಬಿಗಿಯಾದ ಪರೀಕ್ಷೆಗೆ ಒಡ್ಡಿಕೊಳ್ಳಲು ಸಿದ್ಧವಿರುವ ಉಪಕರಣಗಳಿಗೆ ಮೀಸಲಿಡಲಿ. ಅದರ ಫಲಿತಾಂಶ, ಗೆದ್ದರೂ ಸೋತರೂ, ಸಾರ್ವಜನಿಕರ ಮುಂದೆ ಬರಲಿ.